ಏರ್ ತೆಗೆಯದೆ ಆ ಕೆಂಪು ಬಟನ್ ಒತ್ತುತ್ತಾ ಇರಬೇಡಿ

ನಮಸ್ಕಾರ, ಎಲ್ಲರಿಗೂ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಇಷ್ಟೆಲ್ಲಾ ಯಾಕೆ? ಫರ್ನೇಸ್ ಹತ್ತಲಿಲ್ಲ ಅಂದ್ರೆ ರೀಸೆಟ್ ಒತ್ತುತ್ತಾ ಇರಿ, ಹತ್ತುತ್ತೆ." ಅದಕ್ಕೆ ಲೈಕ್ ಬೇರೆ! ಓದಿ ಮೈ ಉರಿಯಿತು. ಒತ್ತುತ್ತಾ ಇರಬೇಡಿ. ಇವತ್ತು ಇದೊಂದೇ ವಿಷಯ. ಫರ್ನೇಸ್ ಅಂದರೆ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಯಂತ್ರ, ರೀಸೆಟ್ ಅಂದರೆ ಅದರ ಕೆಂಪು ಬಟನ್.

ಅಮೆರಿಕದ ಮೇನ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಡೆ ಹಳೇ ಮನೆ ಕೊಂಡಿರುವ ನಮ್ಮವರಿಗೆ ಗೊತ್ತು. ಬೇಸ್‌ಮೆಂಟಲ್ಲಿ 275 ಗ್ಯಾಲನ್ ಎಣ್ಣೆ ಟ್ಯಾಂಕ್, ಅಲ್ಲಿಂದ ಎಣ್ಣೆ ಉರಿಸುವ ಬರ್ನರ್‌ಗೆ ಒಂದು ತೆಳ್ಳನೆ ತಾಮ್ರದ ಪೈಪು. ಜನವರಿಯಲ್ಲಿ ಟ್ಯಾಂಕ್ ಖಾಲಿಯಾದರೆ ಆ ಪೈಪು ಗಾಳಿ ಎಳೆದುಕೊಳ್ಳುತ್ತದೆ. ಆಮೇಲೆ ಟ್ಯಾಂಕ್ ತುಂಬಿಸಿದರೂ ಬೆಂಕಿ ಹತ್ತುವುದಿಲ್ಲ. ಪಂಪ್ 100 ಪಿಎಸ್‌ಐ ಅಥವಾ ಅದಕ್ಕಿಂತ ಜಾಸ್ತಿ ಒತ್ತಡದಲ್ಲಿ ಎಣ್ಣೆಯನ್ನು, ಅದನ್ನು ಚಿಮ್ಮಿಸುವ ನಾಝಲ್‌ಗೆ ತಳ್ಳಬೇಕು. ಒಳಗೆ ಗಾಳಿ ಇದ್ದರೆ ಒತ್ತಡ ಏರುವುದೇ ಇಲ್ಲ. ಬೆಂಕಿ ಕಾಣಲಿಲ್ಲ ಅಂತ ಕಂಟ್ರೋಲ್ ಪೆಟ್ಟಿಗೆ ತಾನೇ ಲಾಕ್ ಆಗಿ ಬರ್ನರ್ ನಿಲ್ಲಿಸುತ್ತದೆ.

ಆಗ ಕೈ ಹೋಗುವುದು ಕೆಂಪು ಬಟನ್ ಮೇಲೆ. ಒಂದು ಸಲ ಒತ್ತಿ, ಸರಿ. ಹತ್ತಲಿಲ್ಲವಾ? ಬಿಡಿ. ಪ್ರತಿ ಸಲ ಒತ್ತಿದಾಗಲೂ ಗಾಳಿಯ ಜೊತೆ ಒಂದಿಷ್ಟು ಎಣ್ಣೆ ಒಳಗೆ ಸಿಡಿದು, ಉರಿಯದೆ ತಳದಲ್ಲಿ ನಿಲ್ಲುತ್ತದೆ. ಕೊನೆಗೊಮ್ಮೆ ಕಿಡಿ ಹಿಡಿದಾಗ ಅಷ್ಟೂ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಇಲ್ಲಿಯವರು ಅದಕ್ಕೆ ಪಫ್‌ಬ್ಯಾಕ್ ಅನ್ನುತ್ತಾರೆ. ಮನೆ ತುಂಬ ಮಸಿ. ಹೊಗೆ ಪೈಪೇ ಕಳಚಿ ಬೀಳಬಹುದು. ಆಗಲೇ ತುಂಬ ಸಲ ಒತ್ತಿದ್ದೀರಾ? ಹಾಗಾದರೆ ಸ್ವಿಚ್ ಆಫ್ ಮಾಡಿ ಮೆಕ್ಯಾನಿಕ್ ಕರೆಸಿ, ನೀವು ಕೈ ಹಾಕಬೇಡಿ.

ಮಂಡ್ಯದ ಕಡೆ ಟ್ರ್ಯಾಕ್ಟರ್ ಓಡಿಸುವ ಯಾರನ್ನಾದರೂ ಕೇಳಿ. ಡೀಸೆಲ್ ಖಾಲಿಯಾಗಿ ನಿಂತರೆ ಅವರು ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರುತ್ತಾರಾ? ನಟ್ಟು ಸಡಿಲಿಸಿ ಏರ್ ತೆಗೆಯುತ್ತಾರೆ. ಇಲ್ಲೂ ಅಷ್ಟೇ! ಪಂಪಿನ ಪಕ್ಕ ಒಂದು ಪುಟ್ಟ ಬ್ಲೀಡರ್, ಅಂದರೆ ಗಾಳಿ ಬಿಡುವ ತಿರುಪು, ಇರುತ್ತದೆ. ಮೊದಲು ಸ್ವಿಚ್ ಆಫ್. ಬ್ಲೀಡರ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಡಬ್ಬಿಯಲ್ಲಿ. ಸಾಮಾನ್ಯವಾಗಿ 3/8 ಇಂಚಿನ ಸ್ಪ್ಯಾನರ್ ಸಾಕು, ಸ್ವಲ್ಪ ತಿರುಗಿಸಿ, ಬರ್ನರ್ ಆನ್ ಮಾಡಿ. ಮೊದಲು ಪುಸ್ ಪುಸ್ ಅಂತ ಗಾಳಿ, ಆಮೇಲೆ ಕೆಂಪು ನೊರೆ, ಆಮೇಲೆ ಗುಳ್ಳೆ ಇಲ್ಲದ ಧಾರೆ. ಧಾರೆ ಒಂದೇ ಸಮ ಬಂದಾಗ ಬ್ಲೀಡರ್ ಮುಚ್ಚಿ. ಆಗ ಬೆಂಕಿ ಹತ್ತುತ್ತದೆ.

"ಬ್ಲೀಡ್ ಮಾಡುವಾಗಲೂ ರೀಸೆಟ್ ಒತ್ತಬೇಕಾಗುತ್ತಲ್ಲ?" ಹೌದು, ಮಧ್ಯೆ ಲಾಕ್ ಆದರೆ ಒತ್ತಬೇಕು. ಆದರೆ ಬ್ಲೀಡರ್ ತೆರೆದಿದ್ದಾಗ ಎಣ್ಣೆ ಡಬ್ಬಿಗೆ ಬೀಳುತ್ತದೆ, ಫರ್ನೇಸ್ ಒಳಗಲ್ಲ. ವ್ಯತ್ಯಾಸ ಕಾಣಿಸ್ತಾ?

"ಎರಡು ಪೈಪ್ ಇದ್ದರೆ ಗಾಳಿ ತಾನೇ ಹೋಗುತ್ತೆ." ಹೋಗುತ್ತದೆ, ಎರಡನೇ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ನಿಮ್ಮ ಮನೇಲಿ ಎಷ್ಟು ಪೈಪಿದೆ? ಕೆಳಗೆ ಇಳಿದು ನೋಡಿ, ಆಮೇಲೆ ವಾದಕ್ಕೆ ಬನ್ನಿ.

"ಕಂಪನಿಯವರು ಬಂದು ಮಾಡುತ್ತಾರೆ." ಹಿಮ ಸುರಿಯುವಾಗ, ನಡುರಾತ್ರಿ? ಅಷ್ಟರಲ್ಲಿ ನೀರಿನ ಪೈಪು ಹೆಪ್ಪುಗಟ್ಟಿದರೆ ಏನು ಮಾಡುತ್ತೀರಿ? ಎಣ್ಣೆ ಲಾರಿ ಬರುವವರೆಗೆ ಬಂಕಿನಿಂದ 5 ಗ್ಯಾಲನ್ ಡೀಸೆಲ್ ತಂದು ಟ್ಯಾಂಕಿಗೆ ಹಾಕಬಹುದು. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಒಂದೇ ಪೈಪಿದ್ದರೆ ಡೀಸೆಲ್ ಹಾಕಿದ ಮೇಲೂ ಏರ್ ತೆಗೆಯಲೇಬೇಕು, ಬಟನ್ ಒತ್ತಿ ಆಗುವ ಕೆಲಸ ಅಲ್ಲ ಅದು!

ಕಾಲು ಟ್ಯಾಂಕಿಗೆ ಇಳಿಯುವ ಮೊದಲೇ ಎಣ್ಣೆ ತರಿಸಿದರೆ ಈ ರಗಳೆಯೇ ಇಲ್ಲ ಅನ್ನಿ.

ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಮುಂದಿನ ವಾರ ಎಣ್ಣೆ ಫಿಲ್ಟರ್ ಬದಲಿಸೋಣ. ಒಂದೇ ಸಲ ಅಂದೆ, ನೆನಪಿದೆಯಲ್ವಾ? ಒಂದೇ ಸಲ! ಬ್ಲೀಡರ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಪಂಪಿನ ಫೋಟೋ ಕಳಿಸಿ, ನಾನೇ ಗುರುತು ಹಾಕಿ ಕೊಡುತ್ತೇನೆ.