ಯಾರ ಪಾಲಿನ ಪಾತ್ರೆ?

ಕೇಳುಗರಿಗೆ ನಮಸ್ಕಾರ.

ಪಾತ್ರೆ ಎಂದರೆ ದಿನವೂ ಬಳಸಿ, ತೊಳೆದು, ಬೋರಲು ಹಾಕುವ ವಸ್ತು. ಬೈಬಲಿನಲ್ಲೂ ಅದಕ್ಕೆ ಈ ಸಾದಾ ಅರ್ಥವಿದೆ. ಬಾಯಾರಿದವನಿಗೆ ಕೊಟ್ಟ ಒಂದು ಪಾತ್ರೆ ತಣ್ಣೀರಿಗೂ ಪ್ರತಿಫಲವುಂಟು ಎನ್ನುತ್ತದೆ ಮತ್ತಾಯನ ಸುವಾರ್ತೆ. ಆದರೆ 23ನೆಯ ಕೀರ್ತನೆಯಲ್ಲಿ ತುಂಬಿ ಹೊರಸೂಸುವ ಪಾತ್ರೆ ದೇವರು ಬಡಿಸಿದ ಸಮೃದ್ಧಿ. 116ನೆಯ ಕೀರ್ತನೆಯಲ್ಲಿ ಸಾವಿನಿಂದ ಪಾರಾದವನು ಕೃತಜ್ಞತೆಯಿಂದ ಎತ್ತಿ ಹಿಡಿಯುವುದು ರಕ್ಷಣೆಯ ಪಾತ್ರೆ. ಪ್ರವಾದಿ ಯೆಶಾಯನಲ್ಲಿ ಅದೇ ಪಾತ್ರೆಯ ತುಂಬ ದೇವರ ರೋಷ; ಯೆರೂಸಲೇಮು ಅದನ್ನು ತಳದವರೆಗೂ ಕುಡಿದು ತತ್ತರಿಸುತ್ತದೆ. ಸಿಹಿಯೋ ಕಹಿಯೋ, ಪಾತ್ರೆಯೆಂದರೆ ಒಬ್ಬರ ಪಾಲಿಗೆ ಬಂದದ್ದು.

ಸಿಹಿಯೂ ಕಹಿಯೂ ಕೂಡುವುದು ಒಂದೇ ರಾತ್ರಿಯಲ್ಲಿ. ಶಿಲುಬೆಗೇರುವ ಮುನ್ನಿನ ಕಡೆಯ ಭೋಜನದಲ್ಲಿ ಯೇಸುಸ್ವಾಮಿ ದ್ರಾಕ್ಷಾರಸದ ಪಾತ್ರೆಯನ್ನು ಶಿಷ್ಯರಿಗೆ ಕೊಟ್ಟು, ಇದು ತಮ್ಮ ರಕ್ತದಿಂದಾಗುವ ಒಡಂಬಡಿಕೆ ಎನ್ನುತ್ತಾರೆ. ಊಟವಾದ ಮೇಲೆ ಗೆತ್ಸೆಮನೆ ಎಂಬ ತೋಟದಲ್ಲಿ ಬೋರಲು ಬಿದ್ದು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ತಂದೆಯನ್ನು ಬೇಡುತ್ತಾರೆ. ಊಟದಲ್ಲಿ ಪಾತ್ರೆ ಕೈಯಿಂದ ಕೈಗೆ ದಾಟಿತ್ತು. ಇಲ್ಲಿ ಕೈ ಚಾಚುವವರಿಲ್ಲ. ಜೊತೆಗೆ ಕರೆದೊಯ್ದಿದ್ದ ಮೂವರೂ ನಿದ್ದೆ ಹೋಗಿದ್ದಾರೆ. ಅವರಲ್ಲಿ ಇಬ್ಬರು ಯಾಕೋಬ, ಯೋಹಾನರು. ಹಿಂದೆ ಯೇಸುಸ್ವಾಮಿಯ ಮಹಿಮೆಯಲ್ಲಿ ಅವರ ಎಡಬಲದ ಆಸನ ಕೇಳಿದಾಗ, ನನ್ನ ಪಾತ್ರೆಯಲ್ಲಿ ಕುಡಿಯಬಲ್ಲಿರಾ ಎಂಬ ಪ್ರಶ್ನೆಗೆ ಹಿಂದುಮುಂದು ನೋಡದೆ ಹೂಂ ಎಂದವರು ಇವರೇ! ಸುವಾರ್ತೆಗಾರರು ಇದನ್ನು ಎತ್ತಿ ಆಡುವುದಿಲ್ಲ, ಓದುಗನಿಗೇ ಬಿಡುತ್ತಾರೆ.

ಆ ಭೋಜನದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯಲ್ಲಿ ಈ ಪಾತ್ರೆ ಜಗಳಕ್ಕೂ ಕಾರಣವಾಯಿತು. ಮಧ್ಯಯುಗದ ಪಶ್ಚಿಮ ಯುರೋಪಿನಲ್ಲಿ ಜನಸಾಮಾನ್ಯರಿಗೆ ರೊಟ್ಟಿ ಮಾತ್ರ ಸಿಗುತ್ತಿತ್ತು, ರಸ ಗುರುಗಳಿಗೆ. 1415ರಲ್ಲಿ ಕಥೋಲಿಕ ಸಭೆಯ ಕಾನ್‌ಸ್ಟಾನ್ಸ್ ಮಹಾಸಭೆ ಈ ರೂಢಿಗೇ ಮುದ್ರೆ ಒತ್ತಿತು. ಬೊಹೀಮಿಯದ (ಇಂದಿನ ಚೆಕ್ ನಾಡಿನ) ಧರ್ಮಸುಧಾರಕ ಯಾನ್ ಹುಸ್ ಅವರನ್ನು ಧರ್ಮದ್ರೋಹಿಯೆಂದು ಖಂಡಿಸಿದ್ದೂ ಅದೇ ಸಭೆ. ಅವರನ್ನು ಸುಟ್ಟು ಕೊಲ್ಲಲಾಯಿತು. ಅವರ ಅನುಯಾಯಿಗಳು ಎಲ್ಲರಿಗೂ ಪಾತ್ರೆ ಬೇಕೆಂದು ಹಟ ಹಿಡಿದು, ಅದನ್ನೇ ತಮ್ಮ ಲಾಂಛನ ಮಾಡಿಕೊಂಡು ಯುದ್ಧವನ್ನೂ ಮಾಡಿದರು. ಕುಡಿಯುವ ಹಕ್ಕಿಗೆ ಹೋರಾಡಿದವರು ಕುಡಿಯಬೇಕಾದ ಕಹಿಯನ್ನೂ ಕುಡಿದರು. ಕಥೋಲಿಕ ಸಭೆ ಜನರಿಗೆ ಎರಡನ್ನೂ ಕೊಡುವ ದಾರಿಯನ್ನು ಮತ್ತೆ ತೆರೆದದ್ದು 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ.

ಈಗ ಅನೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪ್ರತಿಯೊಬ್ಬರಿಗೂ ಪುಟ್ಟ ಲೋಟ. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೂ ‘ಎಲ್ಲರೂ ಇದರಲ್ಲಿ ಕುಡಿಯಿರಿ’ ಎಂಬ, ಕಡೆಯ ಭೋಜನದಲ್ಲಿ ಯೇಸುಸ್ವಾಮಿ ಆಡಿದ ಮಾತಿನ ‘ಇದರಲ್ಲಿ’ ಎಂಬುದಕ್ಕೆ ಅಲ್ಲಿ ಬಲ ಕಡಿಮೆ ಎಂದೇ ನನ್ನ ಅನಿಸಿಕೆ.