ಇಂಧನದ ಇಂಗಾಲ ಎಲ್ಲಿಂದ ಬಂತು?

ಕೇಳುಗರಿಗೆ ನಮಸ್ಕಾರ. ಸೂರ್ಯನ ಬೆಳಕಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಇಂಧನವಾಗಿಸುವ ಕ್ರಿಯಾವರ್ಧಕಗಳ, ಅಂದರೆ ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳ, ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

1979ರಲ್ಲಿ ಇನೌಎ, ಫುಜಿಶಿಮಾ, ಕೊನಿಶಿ, ಹೊಂಡಾ ಎಂಬ ಜಪಾನಿನ ವಿಜ್ಞಾನಿಗಳು ಟೈಟಾನಿಯಂ ಡೈಆಕ್ಸೈಡ್, ಕ್ಯಾಡ್ಮಿಯಂ ಸಲ್ಫೈಡ್ ಮೊದಲಾದ ಅರೆವಾಹಕಗಳ, ಅಂದರೆ ವಿದ್ಯುತ್ತನ್ನು ಭಾಗಶಃ ಹರಿಯಬಿಡುವ ವಸ್ತುಗಳ, ಪುಡಿಯನ್ನು ಕ್ರಿಯಾವರ್ಧಕವಾಗಿ ನೀರಿನಲ್ಲಿ ಬೆರೆಸಿ, ಅದಕ್ಕೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಬೆಳಕು ಬೀರಿದಾಗ, ಫಾರ್ಮಿಕ್ ಆಮ್ಲ, ಫಾರ್ಮಾಲ್ಡಿಹೈಡ್, ಮೆಥನಾಲ್ ಮತ್ತು ಮೀಥೇನ್ ಉಂಟಾದವೆಂದು ಪ್ರಕಟಿಸಿದರು. ಈ ಕ್ಷೇತ್ರದ ಬಹುಪಾಲು ಸಂಶೋಧನೆ ಆ ಪ್ರಯೋಗದ ಜಾಡಿನಲ್ಲೇ ನಡೆದಿದೆ.

ಇಂಗಾಲದ ಡೈಆಕ್ಸೈಡ್ ಎಂದರೆ ಇಂಧನ ಉರಿದು ತನ್ನ ಶಕ್ತಿಯನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವ ಅನಿಲ; ಅದನ್ನು ಪುನಃ ಇಂಧನವಾಗಿಸಬೇಕಾದರೆ ಕನಿಷ್ಠಪಕ್ಷ ಅಷ್ಟೇ ಶಕ್ತಿಯನ್ನು ಹೊರಗಿನಿಂದ ತುಂಬಲೇಬೇಕು. ಅರೆವಾಹಕದ ಮೇಲೆ ತಕ್ಕ ಬೆಳಕು ಬಿದ್ದಾಗ ಇಲೆಕ್ಟ್ರಾನೊಂದು ಮೇಲಿನ ಶಕ್ತಿಪಟ್ಟಿಗೆ ಏರಿ ಈ ಅನಿಲದ ಅಣುವನ್ನು ಸೇರಬೇಕು, ಅದು ತೆರವು ಮಾಡಿದ ಜಾಗವನ್ನು ನೀರಿನಿಂದ ಬಂದ ಇಲೆಕ್ಟ್ರಾನ್ ತುಂಬಬೇಕು. ಇಂಗಾಲದ ಮಾನಾಕ್ಸೈಡಿಗೆ ಇಂತಹ 2 ಇಲೆಕ್ಟ್ರಾನುಗಳು ಸಾಕು. ಮೆಥನಾಲಿಗೆ 6, ಮೀಥೇನಿಗೆ 8 ಬೇಕು. ಆದರೆ ಮೇಲೇರಿದ ಇಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಕ್ಷಣಾರ್ಧದಲ್ಲಿ ಹಿಂದಿರುಗಿಬಿಡುತ್ತವೆ, ಉಳಿದವುಗಳಲ್ಲೂ ಕೆಲವು ನೀರನ್ನೇ ಹೈಡ್ರೋಜನ್ ಆಗಿಸಿ ಮುಗಿಯುತ್ತವೆ. ಸಾಲದ್ದಕ್ಕೆ, ಟೈಟಾನಿಯಂ ಡೈಆಕ್ಸೈಡ್ ಹೀರುವುದು ಅತಿನೇರಳೆ ಕಿರಣಗಳನ್ನು. ನೆಲ ಮುಟ್ಟುವ ಬಿಸಿಲಿನಲ್ಲಿ ಅವುಗಳ ಪಾಲು ಶೇಕಡಾ 5ರಷ್ಟು ಮಾತ್ರ.

ಹೀಗಾಗಿ ಅನೇಕ ಪ್ರಯೋಗಗಳಲ್ಲಿ ದೊರೆಯುವ ಇಂಧನವನ್ನು, ಒಂದು ಗ್ರಾಂ ಪುಡಿಗೆ ಗಂಟೆಗೆ ಇಂತಿಷ್ಟು ಮೈಕ್ರೋಮೋಲ್, ಅಂದರೆ ಮೋಲ್ ಎಂಬ ರಾಸಾಯನಿಕ ಅಳತೆಯ ಹತ್ತು ಲಕ್ಷದಲ್ಲೊಂದು ಪಾಲು, ಎಂದು ಅಳೆಯಲಾಗುತ್ತದೆ. ಇಷ್ಟು ಅಲ್ಪ ಪ್ರಮಾಣದಲ್ಲಿ, ಪುಡಿಯನ್ನು ತಯಾರಿಸುವಾಗ ಉಳಿದುಹೋದ ಸಾವಯವ ಕಲ್ಮಶವೇ ಬೆಳಕಿಗೆ ಒಡೆದು ಮೀಥೇನ್ ಕೊಟ್ಟಿರಲೂಬಹುದು. ನನ್ನ ದೃಷ್ಟಿಯಲ್ಲಿ ಇಳುವರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ಇಂಗಾಲ ಎಲ್ಲಿಂದ ಬಂತು ಎಂಬುದು. ಇದನ್ನು ತಿಳಿಯುವ ಬಗೆ ಸ್ಪಷ್ಟವಾಗಿದೆ: ಸಾಧಾರಣ ಅನಿಲದ ಬದಲು ಇಂಗಾಲ-13 ಎಂಬ ಸಮಸ್ಥಾನಿಯಿರುವ, ಅಂದರೆ ತುಸು ಹೆಚ್ಚು ಭಾರದ ಇಂಗಾಲದ ಪರಮಾಣುವಿರುವ, ಅನಿಲವನ್ನು ಹಾಯಿಸಿ, ಹುಟ್ಟಿದ ಇಂಧನದಲ್ಲಿಯೂ ಅದೇ ಭಾರದ ಇಂಗಾಲವಿದೆಯೇ ಎಂದು, ಅಣುಗಳ ಭಾರವನ್ನು ಅಳೆಯುವ ದ್ರವ್ಯರಾಶಿ ರೋಹಿತಮಾಪಕದಲ್ಲಿ ನೋಡುವುದು. ಪ್ರಕೃತಿಯ ಇಂಗಾಲದಲ್ಲಿ ಈ ಸಮಸ್ಥಾನಿ ಶೇಕಡಾ 1.1ರಷ್ಟೇ ಇರುವುದರಿಂದ ಗೊಂದಲಕ್ಕೆ ಎಡೆ ಕಡಿಮೆ. ಕತ್ತಲಲ್ಲಿ ಒಮ್ಮೆ, ಇಂಗಾಲದ ಡೈಆಕ್ಸೈಡ್ ಇಲ್ಲದೆ ಒಮ್ಮೆ ಪ್ರಯೋಗವನ್ನು ನಡೆಸಿ ನೋಡುವುದೂ ಅಷ್ಟೇ ಅಗತ್ಯ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಈ ಕೆಲಸ ಸಾಗಿದೆ. ಲೋಹ ಮತ್ತು ಸಾವಯವ ಅಣುಗಳಿಂದ ಹೆಣೆದ ಸರಂಧ್ರ ಚೌಕಟ್ಟುಗಳು ಗೋಚರ ಬೆಳಕಿನಲ್ಲೂ ಕ್ರಿಯೆ ನಡೆಸುವಂತೆ ಅಲ್ಲಿನ ಸಂಶೋಧಕರು ರೂಪಿಸುತ್ತಿದ್ದಾರೆ.

ಎರಡನೆಯ ಪ್ರಶ್ನೆ ಇಲೆಕ್ಟ್ರಾನುಗಳದ್ದು. ನೀರಿನಿಂದ ಅವನ್ನು ಪಡೆಯುವುದು ಕಷ್ಟವಾದ್ದರಿಂದ ಹಲವು ಪ್ರಯೋಗಗಳಲ್ಲಿ ಟ್ರೈಎಥನಾಲಮೀನಿನಂತಹ ರಾಸಾಯನಿಕವನ್ನು ಸೇರಿಸುತ್ತಾರೆ. ಅದು ಇಲೆಕ್ಟ್ರಾನುಗಳನ್ನು ಕೊಟ್ಟು ತಾನು ನಾಶವಾಗುತ್ತದೆ. ಕ್ರಿಯೆಯ ಒಳಗುಟ್ಟನ್ನು ಅರಿಯಲು ಇದು ಉಪಯುಕ್ತವಾದರೂ, ಇಂಧನ ತಯಾರಿಕೆಯ ದಾರಿಯೆಂದರೆ ಸೌದೆ ಉಳಿಸಲು ಒಲೆಗೆ ತುಪ್ಪ ಸುರಿದಂತಾಗುತ್ತದೆ. ನೀರೇ ಇಲೆಕ್ಟ್ರಾನ್ ಕೊಟ್ಟಿದ್ದರೆ ಇಂಧನದ ಜೊತೆಗೆ ಲೆಕ್ಕಕ್ಕೆ ಸರಿಹೊಂದುವಷ್ಟು ಆಮ್ಲಜನಕವೂ ಹೊರಬರಬೇಕು. ಆದ್ದರಿಂದ ಹೊಸ ಕ್ರಿಯಾವರ್ಧಕವೊಂದರ ಸುದ್ದಿ ಬಂದಾಗಲೆಲ್ಲ, ಆ ಆಮ್ಲಜನಕವನ್ನೂ ಅಳೆದಿದ್ದಾರೆಯೇ ಎಂದು ನಾನು ಹುಡುಕುತ್ತೇನೆ. ನಮಸ್ಕಾರ.