ಆಡಿಷನ್ ಅಂದರೆ ಆಡಿಸುವುದಲ್ಲ ಕಣ್ರೀ!

ನಮಸ್ಕಾರ, ಬನ್ನಿ ಬನ್ನಿ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಕಾರಣ, ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್. "ಸಾರ್, ಆಡಿಷನ್ ಅನ್ನೋದು ನಮ್ಮ 'ಆಡಿಸು' ಪದದಿಂದಲೇ ಬಂದಿದ್ದು. ಕಲಾವಿದರನ್ನ ಆಡಿಸಿ ನೋಡ್ತಾರಲ್ಲ, ಅದಕ್ಕೇ ಆಡಿಷನ್." ನನ್ನ ವಿಡಿಯೋಗಿಂತ ಅದಕ್ಕೇ ಜಾಸ್ತಿ ಲೈಕು!

ಸ್ವಾಮೀ, ಕನ್ನಡದ ಅಭಿಮಾನ ನನಗೂ ಇದೆ. ಆದರೆ ಇದು ಲ್ಯಾಟಿನ್ನಿನ 'ಆಡಿರೆ'. ಹಾಗಂದರೆ ಕೇಳುವುದು, ಕಿವಿಯಿಂದ ಕೇಳುವುದು. ಆಡಿಯೋ, ಆಡಿಯೆನ್ಸ್, ಆಡಿಟೋರಿಯಂ ಎಲ್ಲಾ ಒಂದೇ ಬಳ್ಳಿಯ ಕಾಯಿಗಳು. ಲೆಕ್ಕ ನೋಡುವ ಆಡಿಟರ್ ಇದ್ದಾನಲ್ಲ, ಅವನೂ ಇದೇ ಮನೆಯವನು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಇವನು ಕೂತು ಕೇಳಿ ತಪ್ಪು ಹಿಡಿಯುತ್ತಿದ್ದ. ಆಡಿಷನ್ ಪದ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ಬರೀ 'ಕೇಳುವಿಕೆ' ಅನ್ನುವ ಅರ್ಥದಲ್ಲಿ. ಕಲಾವಿದರ ಪರೀಕ್ಷೆ ಅನ್ನುವ ಅರ್ಥ ಅಂಟಿದ್ದು 1880ರ ದಶಕದಲ್ಲಿ.

ಈಗ ಗಮನಿಸಿ. ಈ ಪದ ಹಾಡುವವರ ಕೆಲಸದ ಹೆಸರಲ್ಲ. ಎದುರು ಕುರ್ಚಿಯಲ್ಲಿ ಕೂತವರ ಕೆಲಸದ ಹೆಸರು! ನಾವು "ಆಡಿಷನ್ ಕೊಟ್ಟು ಬಂದೆ" ಅನ್ನುತ್ತೇವೆ. ಕೊಡಬೇಕಾದವರು ಅವರು ರೀ. ಕಿವಿಗೊಡುವುದು ಅನ್ನುತ್ತೇವಲ್ಲ, ಅದು.

ಸ್ವಂತ ಅನುಭವ ಹೇಳುತ್ತೇನೆ. ಒಂದು ಡಬ್ಬಿಂಗ್ ಕೆಲಸಕ್ಕೆ ಕರೆದಿದ್ದರು. ಡಬ್ಬಿಂಗ್, ನೆನಪಿರಲಿ, ಬರೀ ಧ್ವನಿ. ಮೂರು ಜನ ಕೂತಿದ್ದರು. ಒಬ್ಬರು ಮೊಬೈಲ್ ಉಜ್ಜುತ್ತಿದ್ದರು. ಒಬ್ಬರು ನನ್ನ ಫೋಟೋ ನೋಡಿ ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿ "ಇದು ನೀವೇನಾ?" ಅಂದರು. ಎರಡನೇ ಸಾಲಿಗೇ ಕೈ ಎತ್ತಿ ನಿಲ್ಲಿಸಿದ ಮೂರನೆಯವರು "ಸ್ವಲ್ಪ ಎಡಕ್ಕೆ ತಿರುಗಿ" ಅಂದರು. ಧ್ವನಿಗೆ ಎಡಗೆನ್ನೆ ಯಾಕೆ ಬೇಕು? ತಿರುಗಿದೆ, ಬಿಡಿ. ಬಾಡಿಗೆ ಕಟ್ಟಬೇಕಿತ್ತು.

ಕೇಳ್ರೀ! ಕೇಳೋದು ನಿಮ್ಮ ಕೆಲಸ! ದೊಡ್ಡ ಆರ್ಕೆಸ್ಟ್ರಾಗಳನ್ನು ನೋಡಿ. 1970ರ ಹೊತ್ತಿನಿಂದ ಅಮೆರಿಕದ ಎಷ್ಟೋ ಆರ್ಕೆಸ್ಟ್ರಾಗಳು ಪರದೆ ಕಟ್ಟಿದವು. ನುಡಿಸುವವರು ಆಚೆ, ಕೇಳುವವರು ಈಚೆ. ಚಪ್ಪಲಿ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದು ಅಂತ ಕೆಲವು ಕಡೆ ನೆಲಕ್ಕೆ ಕಾರ್ಪೆಟ್ ಬೇರೆ. ಅದು ಆಡಿಷನ್ ಅಂದರೆ. ಮುಖ ನೋಡಬೇಕಾ? ಅದಕ್ಕೆ ಸ್ಕ್ರೀನ್ ಟೆಸ್ಟ್ ಅಂತ ಬೇರೆ ಹೆಸರೇ ಇದೆ, ಅದನ್ನು ಇಟ್ಟುಕೊಳ್ಳಿ. ನಮ್ಮ ಪದ ಬಿಡಿ.

"ಡಾನ್ಸ್ ಆಡಿಷನ್‌ನಲ್ಲಿ ಏನು ಕೇಳ್ತೀರಿ, ಗೆಜ್ಜೆನಾ?" ಅಂತ ನನ್ನ ಎಡಿಟರ್ ಈಗಷ್ಟೇ ನಕ್ಕ. ಹೌದಪ್ಪ, ಗೆಜ್ಜೆನೇ! ತಾಳ ತಪ್ಪಿದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ನೀನು ಕಟ್ ಮಾಡು ಸುಮ್ನೆ.

ಇನ್ನು ಕೆಲವರು "ಪದಗಳ ಅರ್ಥ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ" ಅಂತ ಬರುತ್ತಾರೆ, ನನಗೆ ಗೊತ್ತು. ಹೌದಾ? ಹಾಗಾದರೆ ನಾಳೆಯಿಂದ ಸಂಬಳ ಅಂದರೆ ಬೆನ್ನು ತಟ್ಟುವುದು ಅಂತ ಬದಲಾಯಿಸೋಣ, ತಗೊಳ್ತೀರಾ? ಅಷ್ಟೇ. ಮುಂದೆ.

ಅಂದಹಾಗೆ ಹೊಸಬರು ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಗಂಟೆಯೂ ಕೇಳುವ ವಸ್ತುವೇ! ಯಾರಿಗಾದರೂ ಧ್ವನಿ ಬೇಕಿದ್ದರೆ ನನ್ನದು ಖಾಲಿ ಇದೆ, ಎಡಗೆನ್ನೆ ಉಚಿತ.

ಎಲ್ಲಿದ್ದೆ? ಹಾಂ, ಕೇಳುವುದು. ಕೇಳುವುದು ಅಂದರೆ ಕೇಳುವುದು. ಕಿವಿ. ಇದು, ಇಲ್ಲಿದೆಯಲ್ಲ, ತಲೆಯ ಎರಡೂ ಕಡೆ, ಇದು! ಇದಕ್ಕಿಂತ ಬಿಡಿಸಿ ಹೇಗೆ ಹೇಳಲಿ?

ಆ ದಿನ ಎಡಕ್ಕೆ ತಿರುಗಿದ ಮೇಲೆ "ಈಗ ಅಳ್ತಾ ಹೇಳಿ" ಅಂದರು. ಹೇಳಿದೆ. "ಈಗ ಮುದುಕನ ಹಾಗೆ." ಆಯ್ತು. "ಈಗ ಕೋತಿ ಮಾತಾಡಿದರೆ ಹೇಗಿರುತ್ತೆ?" ಅದನ್ನೂ ಮಾಡಿದೆ. ಕೊನೆಗೆ "ಹೇಳಿ ಕಳಿಸ್ತೀವಿ" ಅಂದರು. ಇನ್ನೂ ಹೇಳಿ ಕಳಿಸಿಲ್ಲ.

ಈಗ ಯೋಚನೆ ಮಾಡಿದರೆ... ಆಡಿಸಿದ್ದೇ ಅಲ್ವಾ ಅದು?

ಸರಿ, ಕಾಮೆಂಟ್ ಹಾಕಿದವರೇ, ನಿಮ್ಮದಕ್ಕೆ ನಾನೂ ಒಂದು ಲೈಕ್ ಒತ್ತಿದ್ದೇನೆ. ಪಿನ್ ಮಾತ್ರ ಮಾಡಲ್ಲ.